ಒಂದು ಕಿಟಕಿಗೆ ಎಷ್ಟು ಪನ್ನ?

ಹೊಸ ಫ್ಲಾಟಿಗೆ ಹೋದವರಿಗೆಲ್ಲ ಇದು ಗೊತ್ತಿರುತ್ತೆ. ರಿಜಿಸ್ಟ್ರೇಷನ್, ಗೃಹಪ್ರವೇಶದ ಊಟ, ಅಡುಗೆಮನೆ ಕಪಾಟು, ಗೀಸರ್, ಫ್ಯಾನು ಅಂತ ಎಲ್ಲಾ ಮುಗಿದು ಕೈ ಖಾಲಿಯಾದ ಮೇಲೆ ನೆನಪಾಗೋದು ಪರದೆ. ಅಲ್ಲಿಯವರೆಗೆ ಹಳೇ ಬೆಡ್‌ಶೀಟು, ನ್ಯೂಸ್ ಪೇಪರೇ ಗತಿ. ನಮ್ಮ ಬಿಲ್ಡಿಂಗಿನಲ್ಲಿ ಯಾವ ಮನೆಗೆ ಹೊಸಬರು ಬಂದಿದ್ದಾರೆ ಅಂತ ಕೆಳಗೆ ನಿಂತೇ ಹೇಳಬಹುದು. ಗಾಜಿಗೆ ಪೇಪರ್ ಅಂಟಿಸಿದ್ದರೆ ಹೊಸಬರು, ಪೇಪರ್ ಹಳದಿಯಾಗಿದ್ದರೆ ಆರು ತಿಂಗಳ ಹೊಸಬರು!

ನಮ್ಮದು ಕೆಂಗೇರಿ ದಾಟಿ ಸ್ವಲ್ಪ ಒಳಗೆ. ನಾಲ್ಕು ಮಹಡಿಯ ಕಟ್ಟಡ, ಅದರಲ್ಲಿ ಮೂರನೇ ಮಹಡಿ, ಎರಡು ಬೆಡ್‌ರೂಮು. ನಾನೂ ನನ್ನವರೂ ಇಬ್ಬರೂ ಸಾಫ್ಟ್‌ವೇರ್ ಎಂಜಿನಿಯರ್‌ಗಳು. ಹೋದ ವರ್ಷ ಅಪ್ಪ ತೀರಿಕೊಂಡ ಮೇಲೆ ತಿಪಟೂರಿನ ಮನೆಗೆ ಬೀಗ ಹಾಕಿ ಅಮ್ಮನನ್ನು ಇಲ್ಲಿಗೆ ಕರ್ಕೊಂಡು ಬಂದೆವು. ಉತ್ತರದ ಕಡೆ ಕಿಟಕಿ ಇರೋ ರೂಮು ಅಮ್ಮನದು. ಒಳ್ಳೆ ಗಾಳಿ, ಒಳ್ಳೆ ಬೆಳಕು. ಒಂದೇ ತೊಂದರೆ, ಸುಮಾರು 30 ಅಡಿ ದೂರದಲ್ಲಿ ಎದುರು ಬ್ಲಾಕು, ನಮ್ಮ ಕಿಟಕಿಗೆ ನೇರವಾಗಿ ಅವರ ಕಿಟಕಿ.

ಬಂದು ಮೂರು ವಾರ ಆಗಿರಬೇಕು. ಅಮ್ಮ ಫೋನಿನಲ್ಲಿ ಚಿಕ್ಕಮ್ಮನ ಹತ್ತಿರ ಹೇಳ್ತಿದ್ದದ್ದು ಕೇಳಿಸಿತು: "ಮನೆ ಚೆನ್ನಾಗಿದೆ ಕಣೇ, ಕೂರೋಕೊಂದು ಜಾಗ ಇಲ್ಲ ಅಷ್ಟೆ. ಯುಗಾದಿ ಮುಗಿಸ್ಕೊಂಡು ಊರಿಗೆ ಹೋಗ್ಬಿಡ್ತೀನಿ."

ಒಂದು ಸಾವಿರದ ಚಿಲ್ಲರೆ ಚದರಡಿ ಮನೆಯಲ್ಲಿ ಕೂರೋಕೆ ಜಾಗ ಇಲ್ಲ ಅಂದ್ರೆ ಏನು ಅಂತ ನನಗೆ ಅರ್ಥವಾಗಲಿಲ್ಲ. ಸೋಫಾ ಇದೆ, ದಿವಾನ್ ಇದೆ, ಬಾಲ್ಕನಿಯಲ್ಲಿ ಕುರ್ಚಿ ಇದೆ. ಆಮೇಲೆ ಎರಡು ದಿನ ಸುಮ್ಮನೆ ಗಮನಿಸಿದೆ. ಸೀರೆ ಬದಲಾಯಿಸೋಕೆ ಅಮ್ಮ ಬಾತ್‌ರೂಮಿಗೆ ಹೋಗ್ತಾಳೆ. ಅಲ್ಲಿ ನೆಲ ಒದ್ದೆ, ನೆರಿಗೆ ನೆನೆಯುತ್ತೆ, ಆದರೂ ಅಲ್ಲೇ. ಮಧ್ಯಾಹ್ನ ಮಂಚದ ಮೇಲೆ ಕಿಟಕಿಗೆ ಬೆನ್ನು ಹಾಕಿ ಗೋಡೆ ನೋಡ್ಕೊಂಡು ಕೂರ್ತಾಳೆ. ತಿಪಟೂರಿನಲ್ಲಿ ನಮ್ಮ ನಡುಮನೆಯ ಕಿಟಕಿ ಪಕ್ಕ ಕೂತು ಹೂ ಕಟ್ಟುತ್ತಾ, ಬೀದಿಯಲ್ಲಿ ಯಾರು ಎಷ್ಟು ಹೊತ್ತಿಗೆ ಹೋದರು, ಯಾರ ಮನೆಗೆ ನೆಂಟರು ಬಂದರು ಅಂತ ಪೂರ್ತಿ ವರದಿ ಕೊಡ್ತಿದ್ದವಳು ಇವಳೇನಾ ಅನ್ನಿಸಿತು.

ಕೇಳಿದರೆ ಬಾಯಿ ಬಿಡಲ್ಲ. "ನಂಗೇನ್ ಬೇಕು? ಎಲ್ಲಾ ಇದೆಯಲ್ಲ," ಅಷ್ಟೇ. ಅವಳ ಲೆಕ್ಕದಲ್ಲಿ ಇದು ಮಗಳ ಮನೆ, ಅಳಿಯಂದಿರ ಮನೆ. ಅಲ್ಲಿ ಕೂತು ಅದು ಬೇಕು, ಇದು ಬೇಡ ಅನ್ನಬಾರದು. ಗೃಹಸಾಲದ ಕಂತು ಅರ್ಧ ನನ್ನ ಸಂಬಳದಿಂದಲೇ ಹೋಗುತ್ತೆ ಅಂತ ಹೇಳಿದರೂ ಆ ಲೆಕ್ಕ ಬದಲಾಗೋದಿಲ್ಲ. ಹಾಗಾಗಿ ಮೊದಲು ಅಮ್ಮನ ರೂಮಿನ ಪರದೆ, ಉಳಿದದ್ದೆಲ್ಲ ಆಮೇಲೆ ಅಂತ ತೀರ್ಮಾನ ಮಾಡಿದೆ.

ರೆಡಿಮೇಡ್ ತಗೊಂಡ್ರೆ ಒಂದು ಸಂಜೆ ಕೆಲಸ. ಸಾಮಾನ್ಯವಾಗಿ 4 ಅಡಿ ಅಗಲದ ಪರದೆ ಸಿಗುತ್ತೆ. ಉದ್ದ ಕಿಟಕಿಗೆ 5 ಅಡಿ, ಬಾಗಿಲಿಗೆ 7 ಅಡಿ, ಇನ್ನೂ ಎತ್ತರದ್ದಕ್ಕೆ 9 ಅಡಿ. ನಿಮ್ಮ ಕಿಟಕಿ ಆ ಅಳತೆಗೆ ಹೊಂದಿದರೆ ದೇವರು ದೊಡ್ಡವನು. ನಮ್ಮ ಕಿಟಕಿ 6 ಅಡಿ ಅಗಲ, ನಾಲ್ಕೂವರೆ ಅಡಿ ಎತ್ತರ. ನೆಲದಿಂದ ಎರಡೂವರೆ ಅಡಿಗೆ ಶುರುವಾಗಿ 7 ಅಡಿಗೆ ಮುಗಿಯುತ್ತೆ. 5 ಅಡಿಯ ಪರದೆ ಹಾಕಿದರೆ ಕಿಟಕಿಯ ಕೆಳಗಿನ ಅಂಚಿಗೆ ಮುಟ್ಟಿತೋ ಇಲ್ಲವೋ ಅನ್ನೋ ಹಾಗೆ, ಗಿಡ್ಡವಾದ ಲಂಗದ ಥರ ನಿಲ್ಲುತ್ತೆ. 7 ಅಡಿಯದ್ದು ಮಂಚದ ಮೇಲೆ ಬಿದ್ದಿರುತ್ತೆ.

ಸರಿ, ಹೊಲಿಸೋಣ ಅಂತ ಒಂದು ಅಂಗಡಿಗೆ ಫೋನ್ ಮಾಡಿದೆ. ಉಚಿತವಾಗಿ ಮನೆಗೇ ಬಂದು ಅಳತೆ ತಗೋತೀವಿ ಅಂದರು. ಬಂದ ಹುಡುಗ ಕಿಟಕಿಯ ಚೌಕಟ್ಟಿನಿಂದ ಚೌಕಟ್ಟಿಗೆ ಟೇಪ್ ಹಿಡಿದು 72 ಇಂಚು ಅಂತ ಬರೆದುಕೊಂಡ. "ಎರಡು ಪನ್ನ ಸಾಕು ಮೇಡಂ, ಕವರ್ ಆಗುತ್ತೆ" ಅಂದ. ಪನ್ನ ಅಂದ್ರೆ ಬಟ್ಟೆಯ ಅಗಲ. ಪರದೆ ಬಟ್ಟೆ ಸಾಮಾನ್ಯವಾಗಿ 54 ಇಂಚು ಪನ್ನದಲ್ಲಿ ಬರುತ್ತೆ. ಎರಡು ಪನ್ನ ಅಂದರೆ 108 ಇಂಚು. 72ಕ್ಕೆ 108, ಒಂದಕ್ಕೆ ಒಂದೂವರೆ. ಮೇಲ್ನೋಟಕ್ಕೆ ಧಾರಾಳವೇ.

ಬಾಗಿಲ ಹತ್ತಿರ ನಿಂತಿದ್ದ ಅಮ್ಮ ಅಲ್ಲಿಯವರೆಗೆ ಸುಮ್ಮನಿದ್ದವಳು, ಆಗ ಬಾಯಿ ಬಿಟ್ಟಳು. "ಅಷ್ಟು ಬಟ್ಟೆ ಸಾಲಲ್ಲಪ್ಪ. ಎಳೆದಾಗ ಹಪ್ಪಳದ ಥರ ಚಪ್ಪಟೆ ನಿಲ್ಲುತ್ತೆ. ಪರದೆಗೆ ಒಂದಕ್ಕೆ ಎರಡು ಬೇಕು. ನೆರಿಗೆ ಇಲ್ದೆ ಸೀರೆ ಉಟ್ಟಂಗಿರುತ್ತೆ."

ಹುಡುಗ ನಕ್ಕು, "ಈಗ ಇದೇ ಫ್ಯಾಷನ್ ಅಜ್ಜಿ" ಅಂದ. ಅಮ್ಮ ಮತ್ತೆ ಮಾತಾಡಲಿಲ್ಲ. ಅವನನ್ನ ಕಾಫಿ ಕೊಟ್ಟು ಕಳಿಸಿದ ಮೇಲೆ ನಾನೇ ಅಳತೆ ತಗೊಳ್ಳೋಕೆ ಇಳಿದೆ. ಮೂರು ವಾರದಲ್ಲಿ ಅಮ್ಮ ಈ ಮನೆಯ ಬಗ್ಗೆ ಹೇಳಿದ ಮೊದಲ ಅಭಿಪ್ರಾಯ ಅದು. ಅದನ್ನ ಬಿಡೋ ಹಾಗಿರಲಿಲ್ಲ.

ಅಳೆಯೋದರ ಬಗ್ಗೆ ಒಂದೆರಡು ಮಾತು. ಟೈಲರ್ ಟೇಪು ಬೇಡ, ಅದು ಹಳೆಯದಾದಂತೆ ಎಳೆದುಕೊಳ್ಳುತ್ತೆ. ಸ್ಟೀಲ್ ಟೇಪು ತಗೊಳ್ಳಿ. ಅದರ ತುದಿಯ ಕೊಕ್ಕೆ ಸ್ವಲ್ಪ ಅಲ್ಲಾಡುತ್ತೆ, ಕೆಟ್ಟಿದೆ ಅಂತ ಬಹಳ ಜನ ಅಂದ್ಕೋತಾರೆ. ಅದು ಬೇಕಂತಲೇ ಹಾಗೆ ಮಾಡಿರೋದು. ಕೊಕ್ಕೆಯ ದಪ್ಪ ಎಷ್ಟಿದೆಯೋ ಅಷ್ಟೇ ಅದು ಸರಿಯುತ್ತೆ. ಗೋಡೆಗೆ ಒತ್ತಿ ಅಳೆದಾಗಲೂ, ಅಂಚಿಗೆ ಸಿಕ್ಕಿಸಿ ಎಳೆದು ಅಳೆದಾಗಲೂ ಅಳತೆ ಒಂದೇ ಬರಲಿ ಅಂತ. ನನ್ನ ಎಂಜಿನಿಯರಿಂಗ್ ಡಿಗ್ರಿ ಈ ಮನೆಯಲ್ಲಿ ಉಪಯೋಗಕ್ಕೆ ಬಂದ ಮೊದಲ ಸಂದರ್ಭ ಇದು!

ಮುಖ್ಯವಾದದ್ದು, ಅಳೆಯಬೇಕಾದ್ದು ಕಿಟಕಿಯನ್ನಲ್ಲ, ರಾಡನ್ನ. ರಾಡು ಕಿಟಕಿಯ ಎರಡೂ ಕಡೆ 6ರಿಂದ 8 ಇಂಚು ಆಚೆ ಹೋಗಬೇಕು. ಆಗ ಪರದೆ ಸರಿಸಿದಾಗ ಅದರ ಮುದ್ದೆ ಗೋಡೆ ಮೇಲೆ ನಿಲ್ಲುತ್ತೆ, ಗಾಜನ್ನ ಮುಚ್ಚಲ್ಲ. ಮುಚ್ಚಿದಾಗ ಪಕ್ಕದ ಸಂದಿಯಿಂದ ಬೆಳಕೂ ಬರಲ್ಲ, ಕಣ್ಣೂ ಬರಲ್ಲ. ಎತ್ತರವೂ ಹಾಗೇ, ಚೌಕಟ್ಟಿನಿಂದ 4ರಿಂದ 6 ಇಂಚು ಮೇಲೆ. ನಮ್ಮ ರಾಡು 72ಕ್ಕೆ ಎಂಟು ಎಂಟು ಸೇರಿಸಿ 88 ಇಂಚು. ಒಂದಕ್ಕೆ ಎರಡು ಅಂದರೆ 176 ಇಂಚು ಬಟ್ಟೆ. 54ರಿಂದ ಭಾಗಿಸಿದರೆ ಮೂರೂಕಾಲು ಪನ್ನ. ಮೂರೂಕಾಲು ಪನ್ನ ಯಾರೂ ಹೊಲಿಯಲ್ಲ. ಮೂರು ಅಥವಾ ನಾಲ್ಕು. ತೆಳು ಬಟ್ಟೆಯಾದ್ರೆ ನಾಲ್ಕೇ ಬೇಕು, ದಪ್ಪ ಕಾಟನ್‌ಗೆ ಮೂರು ಸಾಕು, ಎಡಕ್ಕೆ ಒಂದೂವರೆ, ಬಲಕ್ಕೆ ಒಂದೂವರೆ. ಆ ಹುಡುಗನ ಎರಡು ಪನ್ನ 88 ಇಂಚಿನ ರಾಡಿಗೆ ಹಾಕಿದ್ದರೆ ಒಂದಕ್ಕೆ ಒಂದೂಕಾಲೂ ಆಗ್ತಿರಲಿಲ್ಲ. ಹಪ್ಪಳವೇ.

ಈ ಲೆಕ್ಕ ಸುಲಭ. ಕಷ್ಟದ್ದು ಬಟ್ಟೆ ಯಾವುದು ಅನ್ನೋದು. ತೆಳು ಪರದೆ ಹಾಕಿದರೆ ಹಗಲು ಹೊತ್ತು ಒಳಗಿಂದ ಹೊರಗೆ ಕಾಣುತ್ತೆ, ಹೊರಗಿಂದ ಒಳಗೆ ಕಾಣಲ್ಲ, ಯಾಕಂದ್ರೆ ಹೊರಗಡೆ ಬೆಳಕು ಜಾಸ್ತಿ. ಸಂಜೆ ಲೈಟ್ ಹಾಕಿದ ಕೂಡಲೇ ಉಲ್ಟಾ. ಒಳಗೆ ಬೆಳಕು, ಹೊರಗೆ ಕತ್ತಲೆ, ಎದುರು ಬ್ಲಾಕಿನವರಿಗೆ ನಾವು ಸಿನಿಮಾ. ದಪ್ಪ ಪರದೆ ಹಾಕಿದರೆ ಯಾರಿಗೂ ಏನೂ ಕಾಣಲ್ಲ, ಅಮ್ಮನಿಗೂ ಕಾಣಲ್ಲ. ಅದಕ್ಕೇ ಎರಡು ಪದರ ಹಾಕ್ತಾರೆ, ಎರಡು ರಾಡು, ಒಳಗೊಂದು ಹೊರಗೊಂದು. ಅಂತರ್ಜಾಲದಲ್ಲಿ ಎಲ್ಲಿ ನೋಡಿದರೂ ಇದೇ ಸಲಹೆ.

ಇದನ್ನ ಅಮ್ಮನಿಗೆ ವಿವರಿಸಿದೆ. ಅವಳು ಕಿಟಕಿ ನೋಡಿ, "ಪೂರ್ತಿ ಯಾಕೆ ಮುಚ್ಚಬೇಕು? ಅರ್ಧ ಸಾಕಲ್ಲ" ಅಂದಳು.

ಅರ್ಧ ಪರದೆ! ನಿಮ್ಮ ಊರಿನ ಹಳೇ ಮನೆಗಳಲ್ಲೂ ಇದ್ದಿರುತ್ತೆ. ಕಿಟಕಿಯ ಕೆಳಗಿನ ಅರ್ಧಕ್ಕೆ ಮಾತ್ರ ಬಟ್ಟೆ, ಎರಡು ಕಡೆ ಕೊಕ್ಕೆ, ನಡುವೆ ಪ್ಲಾಸ್ಟಿಕ್ ಹೊದಿಕೆಯ ಸ್ಪ್ರಿಂಗ್ ತಂತಿ. ಮೇಲಿನ ಅರ್ಧದಿಂದ ಗಾಳಿ ಬೆಳಕು, ಕೆಳಗಿನ ಅರ್ಧದಿಂದ ಮರ್ಯಾದೆ. ನಮ್ಮ ತಿಪಟೂರಿನ ಮನೆಯಲ್ಲೂ ಹಾಗೇ ಇತ್ತು. ನನ್ನ ಫೋನಿನಲ್ಲಿ ಸೇವ್ ಮಾಡಿಟ್ಟ ನಲವತ್ತು ಫೋಟೋಗಳಲ್ಲಿ ಅದು ಒಂದರಲ್ಲೂ ಇರಲಿಲ್ಲ.

ಅಂಚು ಎಲ್ಲಿಗೆ ನಿಲ್ಲಬೇಕು ಅಂತ ಪೇಪರ್ ಮೇಲೆ ಗೆರೆ ಎಳೆದು ನೋಡಿದೆ. ಅರ್ಧ ಪರದೆಯ ಮೇಲಂಚು ನೆಲದಿಂದ 5 ಅಡಿ ಅಂತ ಇಟ್ಟುಕೊಳ್ಳೋಣ. ಎದುರಿನ ಅದೇ ಮಹಡಿಯವರಿಗೆ ಕೂತವರು ಕಾಣಲ್ಲ. ಆದರೆ ಅದರ ಮೇಲಿನ ಮಹಡಿಯವರು? ಅವರ ಕಣ್ಣು ನಮ್ಮ ನೆಲಕ್ಕಿಂತ ಸುಮಾರು 15 ಅಡಿ ಮೇಲೆ. 30 ಅಡಿ ದೂರದಲ್ಲಿ ಅವರ ನೋಟ 10 ಅಡಿ ಇಳಿದು ಪರದೆಯ ಅಂಚಿಗೆ ಬರುತ್ತೆ, ಅಂದರೆ 3 ಅಡಿಗೆ ಒಂದಡಿ ಇಳಿಜಾರು. ಕಿಟಕಿಯಿಂದ 3 ಅಡಿ ಒಳಗೆ ಆ ಗೆರೆ ನೆಲದಿಂದ 4 ಅಡಿ ಎತ್ತರಕ್ಕಿರುತ್ತೆ. ಒಂದೂವರೆ ಅಡಿಯ ಮಂಚದ ಮೇಲೆ ಕೂತ ಅಮ್ಮನ ತಲೆಯೂ ಹೆಚ್ಚುಕಮ್ಮಿ ಅಷ್ಟೇ ಎತ್ತರ. ಅಬ್ಬಬ್ಬಾ ಅಂದರೆ ಬೈತಲೆ ಕಂಡೀತು. ಮಂಚವನ್ನ ಗೋಡೆಗೆ ಹತ್ತಿರ ಎಳೆದರೆ ಅದೂ ಇಲ್ಲ. ಟೆರೇಸಿನ ಮೇಲೆ ನಿಂತವರಿಗೆ ಮಾತ್ರ ತಲೆ, ಭುಜ ಕಾಣಬಹುದು.

ಅಮ್ಮನಿಗೆ ಪೇಪರ್ ತೋರಿಸಿದೆ. ಕನ್ನಡಕ ಹಾಕ್ಕೊಂಡು ನೋಡಿ, "ಈ ವಯಸ್ಸಲ್ಲಿ ನನ್ನ ನೋಡೋಕೆ ಇಷ್ಟೊಂದು ಗಣಿತ ಯಾರು ಮಾಡ್ತಾರೆ ಮಾರಾಯ್ತಿ" ಅಂತ ನಕ್ಕಳು. ಆಮೇಲೆ, "ಟೆರೇಸಿಂದ ಕಂಡ್ರೆ ಕಾಣಲಿ ಬಿಡು. ಬಟ್ಟೆ ಒಣಗಿಸೋಕೆ ಬರೋರು ತಾನೆ. ಅವರನ್ನ ನಾನೂ ನೋಡ್ಬಹುದಲ್ಲ" ಅಂದಳು. ನೋಡೋರು ಕಣ್ಣಿಗೆ ಬಿದ್ದರೆ ಅವಳಿಗೆ ತೊಂದರೆ ಇಲ್ಲ. ಗಾಜಿನ ಹಿಂದೆ ಯಾರಿದ್ದಾರೋ ಗೊತ್ತಿಲ್ಲದೆ ಕೂರೋದು ಆಗಲ್ಲ. ಇಷ್ಟು ದಿನ ಅವಳು ಹೇಳದೆ ಇದ್ದದ್ದು ಇದನ್ನೇ.

ಹಾಗಾಗಿ ನಮ್ಮ ನಕ್ಷೆ ಹೀಗಾಯ್ತು. ಹಗಲಿಗೆ ತೆಳುವಾದ ಅರ್ಧ ಪರದೆ, ಕಿಟಕಿಯ ಗೂಡಿನ ಒಳಗೆ, ತಂತಿಗೆ. ರಾತ್ರಿಗೆ, ಮತ್ತೆ ಸೀರೆ ಉಡೋ ಹೊತ್ತಿಗೆ, ಮೇಲೆ ರಾಡಿಗೆ ದಪ್ಪ ಕಾಟನ್ ಪೂರ್ತಿ ಪರದೆ.

ಒಂದು ಶನಿವಾರ ಚಿಕ್ಕಪೇಟೆಗೆ ಹೋದೆವು. ಕೆಂಗೇರಿಯಿಂದ ನೇರಳೆ ಮಾರ್ಗದ ಮೆಟ್ರೋ, ಮೆಜೆಸ್ಟಿಕ್ಕಿನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಮುಂದಿನದ್ದೇ ಸ್ಟೇಷನ್ನು. ಅಮ್ಮನಿಗೆ ಬಟ್ಟೆ ಅಂಗಡಿ ಅಂದರೆ ತವರುಮನೆ ಇದ್ದ ಹಾಗೆ. ತಾನಿನ ಮೇಲೆ ತಾನು ಬಿಚ್ಚಿಸಿದಳು. ಮುಷ್ಟಿಯಲ್ಲಿ ಹಿಂಡಿ ಬಿಟ್ಟು ಸುಕ್ಕು ನಿಲ್ಲುತ್ತಾ ನೋಡಿದಳು. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಎಲ್ಲ ಬಣ್ಣವೂ ಬೇರೆ ಥರ ಕಾಣುತ್ತೆ ಅಂತ ಬಟ್ಟೆಯನ್ನ ಬಾಗಿಲಿಗೆ ತಂದು, ಬಿಸಿಲಿಗೆ ಹಿಡಿದು ನೋಡಿದಳು. ಇದನ್ನ ನೀವೂ ಮಾಡಿ. ಪರದೆಯನ್ನ ನಾವು ನೋಡೋದೇ ಹಿಂದಿನಿಂದ ಬೆಳಕು ಬಿದ್ದಾಗ, ಅಂಗಡಿಯಲ್ಲಿ ಮಾತ್ರ ಮುಂದಿನಿಂದ ಬೆಳಕು ಬಿಟ್ಟು ತೋರಿಸ್ತಾರೆ.

ನನಗೆ ದೊಡ್ಡ ದೊಡ್ಡ ಎಲೆಗಳ ಒಂದು ಪ್ರಿಂಟ್ ಹಿಡಿಸಿತ್ತು. ಅಳೆದು ನೋಡಿದರೆ ಅದರ ಡಿಸೈನು 25 ಇಂಚಿಗೊಮ್ಮೆ ಮರುಕಳಿಸುತ್ತೆ. ನಮಗೆ ಬೇಕಾದ ಉದ್ದದ ಲೆಕ್ಕ ಹೀಗಿತ್ತು. ರಾಡಿನಿಂದ ಕಿಟಕಿಯ ಕೆಳಗೆ ಆರಿಂಚಿನವರೆಗೆ 66 ಇಂಚು, ರಾಡಿನ ಮೇಲೆ ನಿಲ್ಲೋದಕ್ಕೆ ಒಂದು, ಮೇಲಿನ ಮಡಿಕೆಗೆ 4, ಕೆಳಗಿನ ಜೋಡಿ ಮಡಿಕೆಗೆ 6, ಒಗೆದಾಗ ಕುಗ್ಗೋದಕ್ಕೆ ಸುಮಾರು 3. ಒಟ್ಟು 80. ಮೂರು ಪನ್ನಕ್ಕೆ 240 ಇಂಚು, ಅಂದರೆ 6 ಮೀಟರ್ 10 ಸೆಂಟಿಮೀಟರ್. ಎಲೆ ಪ್ರಿಂಟ್ ಆದರೆ ಪನ್ನ ಪನ್ನಕ್ಕೂ ಎಲೆ ಕೂಡಬೇಕು, ಪ್ರತಿಯೊಂದಕ್ಕೂ 80ರ ಬದಲು 100 ಇಂಚು ಕತ್ತರಿಸಬೇಕು. ಒಂದೂವರೆ ಮೀಟರ್ ಬಟ್ಟೆ ಸುಮ್ಮನೆ ಚೂರಾಗುತ್ತೆ. ಇದನ್ನ ಅಂಗಡಿಯವರು ತಾವಾಗಿ ಹೇಳಲ್ಲ, ಕೇಳಬೇಕು. ಅಮ್ಮ ಆರಿಸಿದ್ದು ಸಣ್ಣ ಉದ್ದಗೆರೆಯ ಕೆನೆಬಣ್ಣದ ಕಾಟನ್. ಆರೂಕಾಲು ಮೀಟರ್ ತಗೊಂಡೆವು. ಮನೆಗೆ ತಂದು ಹೊಲಿಸೋ ಮುಂಚೆಯೇ ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿದಳು. ಕುಗ್ಗೋದು ಈಗಲೇ ಕುಗ್ಗಲಿ ಅಂತ.

ಅರ್ಧ ಪರದೆಗೆ ತೆಳು ಬಟ್ಟೆ ಹುಡುಕುವಾಗ ಮಾತ್ರ ಅಮ್ಮ ಏನನ್ನೂ ಒಪ್ಪಲಿಲ್ಲ. ಎಲ್ಲ ಪಾಲಿಯೆಸ್ಟರ್, ಗರಗರ ಅನ್ನುತ್ತೆ ಅಂತ. ಮನೆಗೆ ಬಂದು ಟ್ರಂಕಿನಿಂದ ಒಂದು ತಿಳಿನೀಲಿ ವಾಯಿಲ್ ಸೀರೆ ತೆಗೆದಳು. ಅಪ್ಪ ಯಾವಾಗಲೋ ಅರಸೀಕೆರೆಯಿಂದ ತಂದಿದ್ದು. ಸೆರಗು ಹರಿದು ಉಡೋ ಹಾಗಿರಲಿಲ್ಲ, ಬಿಸಾಡೋಕೂ ಮನಸ್ಸಿರಲಿಲ್ಲ.

ನಾನು ಲೆಕ್ಕ ಶುರು ಮಾಡಿದೆ. ಸೀರೆ ಅಗಲ 45 ಇಂಚು, 35 ಇಂಚಿನ ತುಂಡುಗಳಾಗಿ ಕತ್ತರಿಸಿದರೆ ಎಷ್ಟು ಪನ್ನ, ಎಷ್ಟು ಜೋಡಣೆ… ಅಮ್ಮ ಮಧ್ಯೆ ತಡೆದು, "ಕತ್ತರಿಸೋದ್ಯಾಕೆ? ಅಡ್ಡ ಹಿಡಿ" ಅಂದಳು.

ಅಡ್ಡ ಹಿಡಿದೆವು. ಸೀರೆ ಉದ್ದ ಐದೂವರೆ ಮೀಟರ್, ಅಂದರೆ 216 ಇಂಚು. ಹರಿದ ಸೆರಗು ಒಂದೂವರೆ ಅಡಿ ತೆಗೆದರೆ 198. ಕಿಟಕಿ 72. ಒಂದಕ್ಕೆ ಎರಡೂಮುಕ್ಕಾಲು, ತೆಳು ಬಟ್ಟೆಗೆ ಹೇಳಿ ಮಾಡಿಸಿದ ನೆರಿಗೆ. ಒಂದೇ ಒಂದು ಜೋಡಣೆ ಇಲ್ಲ. ಸೀರೆಯ ಅಂಚೇ ಪರದೆಯ ಕೆಳಂಚು, ಅಲ್ಲಿ ಮಡಚಿ ಹೊಲಿಯೋ ಕೆಲಸವೂ ಇಲ್ಲ. ಮೇಲಿನಿಂದ 10 ಇಂಚು ಕತ್ತರಿಸಿ, ತಂತಿ ತೂರೋಕೆ ಒಂದು ಮಡಿಕೆ ಹೊಲಿದರೆ ಮುಗೀತು. ಅಳತೆಯನ್ನ ಅವಳು ಬಾಯಲ್ಲಿ ಹೇಳಲೇ ಇಲ್ಲ. ಗೇಣಿನಲ್ಲಿ ಎಣಿಸಿ, ಕತ್ತರಿ ಹಾಕಿ, ಅವತ್ತು ಮಧ್ಯಾಹ್ನ ಕೈಯಲ್ಲೇ ಹೊಲಿದು ಮುಗಿಸಿದಳು.

ಪೂರ್ತಿ ಪರದೆಯನ್ನ ನಮ್ಮ ಬೀದಿಯ ಟೈಲರ್ ಹೊಲಿದರು. ಅವರಿಗೆ ಹೇಳಿದ್ದು ಒಂದೇ, ಐಲೆಟ್ ರಿಂಗು ಪ್ರತಿ ಪರದೆಗೂ ಸರಿಸಂಖ್ಯೆಯಲ್ಲಿ ಇರಲಿ ಅಂತ. ಆಗಲೇ ಎರಡೂ ತುದಿ ಒಂದೇ ಕಡೆಗೆ, ಗೋಡೆಯತ್ತ ಮಡಚಿ ನಿಲ್ಲೋದು. ಬೆಸವಾದರೆ ಒಂದು ತುದಿ ಸದಾ ರೂಮಿನ ಕಡೆ ಬಾಯಿ ತೆರೆದಿರುತ್ತೆ. "ಗೊತ್ತು ಮೇಡಂ, ಮೂವತ್ತು ವರ್ಷದಿಂದ ಹೊಲೀತಿದೀನಿ" ಅಂದರು. ಸರಿ, ಹೇಳಿದ್ದು ಜಾಸ್ತಿಯಾಯ್ತು.

ರಾಡು ಹಾಕೋದಕ್ಕೆ ಮಾಮೂಲಿ ಡ್ರಿಲ್ ಸಾಲಲ್ಲ. ಕಿಟಕಿಯ ಮೇಲೆ ಇರೋದು ಲಿಂಟಲ್, ಕಬ್ಬಿಣ ಹಾಕಿದ ಕಾಂಕ್ರೀಟು. ಹ್ಯಾಮರ್ ಡ್ರಿಲ್ ಇರೋರನ್ನೇ ಕರೆಸಿ. 88 ಇಂಚಿನ ರಾಡಿಗೆ ನಡುವೆ ಒಂದು ಬ್ರಾಕೆಟ್ ಬೇಕೇ ಬೇಕು, ಇಲ್ಲದಿದ್ದರೆ ಬಟ್ಟೆಯ ಭಾರಕ್ಕೆ ನಡು ಬಗ್ಗುತ್ತೆ. ರಿಂಗುಗಳು ಆ ಬ್ರಾಕೆಟ್ ದಾಟಲ್ಲ, ಆದ್ದರಿಂದ ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ.

ಉಳಿದ ಕಿಟಕಿಗಳ ವಿಷಯದಲ್ಲಿ ಹೇಳೋದು ಕಡಿಮೆ. ನಮ್ಮ ರೂಮಿಗೆ ಬೆಳಕು ತಡೆಯೋ ಲೈನಿಂಗ್ ಹಾಕಿಸಿದೆವು. ಇವರಿಗೆ ಅಮೆರಿಕದ ಟೀಮಿನ ಜೊತೆ ರಾತ್ರಿ ಕಾಲ್ ಇರುತ್ತೆ, ಬೆಳಗ್ಗೆ ಎಂಟರವರೆಗೆ ಮಲಗಬೇಕು. ಹಾಲಿನ ಬಾಲ್ಕನಿ ಪಶ್ಚಿಮಕ್ಕಿದೆ. ಅಲ್ಲಿ ಒಳಗಿನ ಪರದೆಯಿಂದ ಸೆಕೆ ಅಷ್ಟಾಗಿ ಕಡಿಮೆಯಾಗಲ್ಲ, ಗಾಜು ದಾಟಿದ ಬಿಸಿಲು ಆಗಲೇ ಮನೆಯೊಳಗೆ ಬಂದಾಗಿರುತ್ತೆ. ಅದಕ್ಕೆ ಹೊರಗೆ ಬಿದಿರಿನ ಚಿಕ್ ಇಳಿಬಿಟ್ಟಿದ್ದೇವೆ. ಉತ್ತರದ ಕಿಟಕಿಗೆ ಬಿಸಿಲೇ ಬರಲ್ಲ ಅಂತ ಹೇಳೋರಿದ್ದಾರೆ, ಬೆಂಗಳೂರಿಗೆ ಅದು ಪೂರ್ತಿ ನಿಜ ಅಲ್ಲ. ನಾವಿರೋದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಲ್ಲಿ ಒಮ್ಮೆ, ಆಗಸ್ಟ್ ಮಧ್ಯದಲ್ಲಿ ಇನ್ನೊಮ್ಮೆ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರ್ತಾನೆ. ಆ ನಡುವಿನ ತಿಂಗಳುಗಳಲ್ಲಿ ಮಧ್ಯಾಹ್ನದ ಸೂರ್ಯ ಸ್ವಲ್ಪ ಉತ್ತರಕ್ಕೇ ಇರ್ತಾನೆ. ಅಮ್ಮನ ರೂಮಿಗೂ ಮೇ, ಜೂನ್‌ನಲ್ಲಿ ಓರೆ ಬಿಸಿಲು ಬಂದೇ ಬರುತ್ತೆ.

ಅಮ್ಮನ ಮಂಚ ಈಗ ಕಿಟಕಿಯ ಪಕ್ಕಕ್ಕೆ ಸರಿದಿದೆ. ಅರ್ಧ ಪರದೆಯ ಮೇಲಿನ ಎರಡು ಅಡಿ ಖಾಲಿ ಜಾಗದಲ್ಲಿ ಎದುರು ಬ್ಲಾಕಿನ ಟೆರೇಸು, ನೀರಿನ ಟ್ಯಾಂಕು, ಅದರಾಚೆ ಆಕಾಶ ಕಾಣುತ್ತೆ. ಸಂಜೆ ಲಾಗಿನ್ ಮುಗಿಸಿ ಕಾಫಿ ತಗೊಂಡು ಹೋದರೆ ವರದಿ ಸಿದ್ಧ. ಎದುರು ಮನೆಯವರು ಹಪ್ಪಳ ಒಣಗಿಸಿದ್ದಾರೆ, ಕಾಗೆ ಕಾಯೋಕೆ ಯಾರೂ ಇಲ್ಲ. ನೀಲಿ ಚೂಡಿದಾರದ ಹುಡುಗಿ ಟ್ಯಾಂಕಿನ ಮರೆಯಲ್ಲಿ ಫೋನಿನಲ್ಲಿ ಮುಕ್ಕಾಲು ಗಂಟೆ ಮಾತಾಡಿದಳು. ಆ ಕಡೆಯ ಒಬ್ಬ ಅಜ್ಜಿ ಇವಳಿಗೆ ಕೈ ಎತ್ತಿ ನಮಸ್ಕಾರ ಮಾಡಿದ್ದಾರಂತೆ.

ಯುಗಾದಿ ಕಳೆಯಿತು. ಊರಿಗೆ ಹೋಗೋ ಮಾತನ್ನ ಅಮ್ಮನೂ ಎತ್ತಿಲ್ಲ, ನಾನೂ ಕೇಳಿಲ್ಲ. ತಿಪಟೂರಿನ ಮನೆ ಕೀಲಿ ಅವಳ ಪರ್ಸಿನಲ್ಲೇ ಇದೆ. ಮನೆ ಬಾಡಿಗೆಗೆ ಕೇಳ್ಕೊಂಡು ಒಬ್ಬ ಮೇಷ್ಟರು ಚಿಕ್ಕಮ್ಮನ ಹತ್ತಿರ ಬಂದಿದ್ದರಂತೆ, "ನೋಡೋಣ" ಅಂದಿದ್ದಾಳೆ. ಸೀರೆಯಿಂದ ಕತ್ತರಿಸಿದ ಆ 10 ಇಂಚಿನ ಪಟ್ಟಿ ಇನ್ನೂ ಟ್ರಂಕಿನಲ್ಲಿದೆ. ದಪ್ಪ ಪರದೆ ಕಟ್ಟೋಕೆ ಎರಡು ನಾಡಾ ಮಾಡೋಣ ಅಂತ ನಾನು. ಬೇಡ, ಅಡುಗೆಮನೆ ಕಿಟಕಿಗೂ ಒಂದು ಸಣ್ಣದು ಬೇಕು, ಮೊದಲು ಅದರ ಅಳತೆ ತಗೋ ಅಂತ ಅವಳು.